ನೀರಿನೊಳಗಿನ ಬೆಂಕಿ: ಸಕ್ಕರೆ ಸೀಮೆಯ ಒಂದು ಪಾಠ

ರನ್ನ ಬೆಳಗಲಿ ಎಂದೊಡನೆ ಕನ್ನಡ ಓದಿದವರಿಗೆ ನೆನಪಾಗುವುದು ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿ ಎನಿಸಿಕೊಂಡ ರನ್ನ. ಹತ್ತನೆಯ ಶತಮಾನದ ಈ ಕವಿಯ ‘ಗದಾಯುದ್ಧ’ದಲ್ಲಿ ಬರುವ ವೈಶಂಪಾಯನ ಸರೋವರದ ಪ್ರಸಂಗವನ್ನು ಶಾಲೆಯಲ್ಲಿ ಪಾಠವಾಗಿ ಕೇಳದವರು ಕಡಿಮೆ. ಕೊಳದ ತಣ್ಣೀರಿನಲ್ಲಿ ಅಡಗಿ ಕುಳಿತ ದುರ್ಯೋಧನ ದಡದ ಮೇಲಿಂದ ಭೀಮನ ಗರ್ಜನೆ ಕೇಳಿ ಒಳಗೊಳಗೇ ಕುದಿಯುತ್ತಾನೆ. ಮೇಲಿನಿಂದ ನೋಡಿದವರಿಗೆ ಕಾಣುವುದು ನೀರು ಮಾತ್ರ. ಅದರೊಳಗಿರುವ ಬೆಂಕಿ ಕಾಣುವುದಿಲ್ಲ.

ರನ್ನನ ಊರು ಇಂದು ಕಬ್ಬಿನ ಊರು. ಘಟಪ್ರಭೆಯ ನೀರು ಕುಡಿದು ಬೆಳೆದ ಕಬ್ಬು ಮುಧೋಳ, ಮಹಾಲಿಂಗಪುರ, ಜಮಖಂಡಿ, ಬೀಳಗಿ ಕಡೆಯ ಹೊಲಗಳನ್ನೆಲ್ಲ ಆವರಿಸಿದೆ. ಹಂಗಾಮು ಶುರುವಾಯಿತೆಂದರೆ ಹಗಲೂ ರಾತ್ರಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ ಕಾರ್ಖಾನೆಗಳತ್ತ ಸಾಗುತ್ತವೆ. ಸಕ್ಕರೆ ಕಾರ್ಖಾನೆಯ ಮಗ್ಗುಲಲ್ಲೇ ಈಗ ಡಿಸ್ಟಿಲರಿ, ಅದರ ಹಿಂದೆ ದೊಡ್ಡ ದೊಡ್ಡ ಮುಚ್ಚಿದ ಟ್ಯಾಂಕಿಗಳು. ಆ ಟ್ಯಾಂಕಿಗಳಲ್ಲಿ ಇರುವುದೂ ನೋಟಕ್ಕೆ ಬರೀ ನೀರು. ಕಂದು ಬಣ್ಣದ, ಕೆಟ್ಟ ವಾಸನೆಯ, ಯಾರಿಗೂ ಬೇಡವಾದ ನೀರು. ಆದರೆ ಅದರೊಳಗೂ ಬೆಂಕಿ ಇದೆ.

2018ರ ಡಿಸೆಂಬರ್ 16, ಭಾನುವಾರ. ಮುಧೋಳ ಸಮೀಪದ ನಿರಾಣಿ ಸಕ್ಕರೆ ಕಾರ್ಖಾನೆಯಲ್ಲಿ ಭಾರಿ ಸ್ಫೋಟವಾಯಿತು. ಕಟ್ಟಡ ಕುಸಿಯಿತು. ನಾಲ್ವರು ಪ್ರಾಣ ಕಳೆದುಕೊಂಡರು, ಇನ್ನೂ ಕೆಲವರು ಗಾಯಗೊಂಡರು. ಕೆಲವೇ ನಿಮಿಷಗಳಲ್ಲಿ ಸುತ್ತಲಿನ ಹಳ್ಳಿಗಳಿಗೆ, ಸಂಜೆಯೊಳಗೆ ದೇಶದ ಸುದ್ದಿವಾಹಿನಿಗಳಿಗೆಲ್ಲ ಹಬ್ಬಿದ್ದು ಒಂದೇ ಮಾತು: ಬಾಯ್ಲರ್ ಸಿಡಿಯಿತು! ಆದರೆ ಸ್ಫೋಟ ಆದದ್ದು ಡಿಸ್ಟಿಲರಿಯ ತ್ಯಾಜ್ಯ ನೀರನ್ನು ಶುದ್ಧೀಕರಿಸುವ ಘಟಕದಲ್ಲಿ. ಅಲ್ಲಿ ಹುಟ್ಟುವ ಮೀಥೇನ್ ಅನಿಲದತ್ತ ಬೊಟ್ಟು ಮಾಡಿದ ವರದಿಗಳು ಬಂದದ್ದು ಆಮೇಲೆ.

ಜೀವ ಹೋದ ಮೇಲೆ ಬಾಯ್ಲರ್ ಆದರೇನು, ಟ್ಯಾಂಕಿ ಆದರೇನು ಎಂದು ಕೇಳಬಹುದು. ಸತ್ತವರ ಮನೆಯವರ ದುಃಖಕ್ಕೆ ವ್ಯತ್ಯಾಸವಿಲ್ಲ, ನಿಜ. ಆದರೆ ನಾಳೆ ಅದೇ ಬಗೆಯ ಘಟಕಕ್ಕೆ ಕೆಲಸಕ್ಕೆ ಹೋಗುವವರಿಗೆ ವ್ಯತ್ಯಾಸವಿದೆ. ರೋಗದ ಹೆಸರು ತಪ್ಪಾದರೆ ಔಷಧವೂ ತಪ್ಪಾಗುತ್ತದೆ.

ಪಳಗಿದ ಪ್ರಾಣಿ

ಬಾಯ್ಲರ್ ಎಂಬ ಹೆಸರು ಬಾಯಿಗೆ ಮೊದಲು ಬರುವುದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಜಗತ್ತಿನ ಕಾರ್ಖಾನೆಗಳಲ್ಲಿ, ಹಡಗುಗಳಲ್ಲಿ ಜನರನ್ನು ಕೊಂದದ್ದು ಬಾಯ್ಲರುಗಳೇ. 1863ರಲ್ಲಿ ಕಲ್ಕತ್ತೆಯಲ್ಲಿ ಒಂದು ಬಾಯ್ಲರ್ ಸಿಡಿದು ಸಾವುನೋವುಗಳಾದವು. ಮರುವರ್ಷವೇ, 1864ರಲ್ಲಿ, ಬಂಗಾಳದಲ್ಲಿ ಬಾಯ್ಲರ್ ತಪಾಸಣೆಗೆ ಕಾನೂನು ಬಂತು. ಬೇರೆ ಬೇರೆ ಪ್ರಾಂತ್ಯಗಳ ಇಂಥ ಕಾನೂನುಗಳನ್ನು ಒಂದುಗೂಡಿಸಿ 1923ರಲ್ಲಿ ಇಡೀ ದೇಶಕ್ಕೆ ಬಾಯ್ಲರ್ ಕಾಯ್ದೆ ಆಯಿತು. ಸುಮಾರು ನೂರು ವರ್ಷ ನಡೆದ ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬಂದಿದೆ.

ಫಲವಾಗಿ ಬಾಯ್ಲರಿಗೆ ಇಂದು ನೋಂದಣಿ ಸಂಖ್ಯೆ ಉಂಟು, ನಿಗದಿತ ತಪಾಸಣೆ ಉಂಟು, ಒತ್ತಡ ಮೀರಿದರೆ ತಾನಾಗಿ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಉಂಟು. ಅದನ್ನು ನಡೆಸುವವರು ಪರೀಕ್ಷೆ ಕಟ್ಟಿ ಪ್ರಮಾಣಪತ್ರ ಪಡೆದಿರಬೇಕು. ಪ್ರತಿ ಚದರ ಸೆಂಟಿಮೀಟರಿಗೆ 67 ಕೆ.ಜಿ., 87 ಕೆ.ಜಿ., ಕೆಲವೆಡೆ 110 ಕೆ.ಜಿ. ಒತ್ತಡದ ಉಗಿ ತಯಾರಿಸುವ ಬಾಯ್ಲರುಗಳು ಸಕ್ಕರೆ ಕಾರ್ಖಾನೆಗಳಲ್ಲಿವೆ. ಅಷ್ಟಿದ್ದರೂ ಅವು ಹಂಗಾಮಿನುದ್ದಕ್ಕೂ ಶಾಂತವಾಗಿ ಉರಿಯುವುದು ಈ ಕಟ್ಟುಪಾಡಿನಿಂದ. ಬಾಯ್ಲರ್ ಎಂಬುದು ಅಪಾಯಕಾರಿ ಪ್ರಾಣಿಯೇ ಸರಿ, ಆದರೆ ಎಲ್ಲರೂ ಹೆದರಿ ಪಳಗಿಸಿಟ್ಟ ಪ್ರಾಣಿ. ಯಾರೂ ಹೆದರದ ಟ್ಯಾಂಕಿಯ ಕಥೆ ಬೇರೆ.

ಕಾಕಂಬಿಯಿಂದ ಗ್ಯಾಸಿನವರೆಗೆ

ಒಂದು ಟನ್ ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಸುಮಾರು 40ರಿಂದ 45 ಕೆ.ಜಿ. ಕಾಕಂಬಿ ಉಳಿಯುತ್ತದೆ. ಮತ್ತೆ ಹರಳುಗಟ್ಟಿಸಿ ಸಕ್ಕರೆ ತೆಗೆಯುವುದು ಲಾಭವಲ್ಲದ ಕಪ್ಪು ಪಾಕ ಅದು. ಅದಕ್ಕೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುಳಿಸಿ, ಭಟ್ಟಿ ಇಳಿಸಿದರೆ ಮದ್ಯಸಾರ, ಅಂದರೆ ಎಥೆನಾಲ್ ಸಿಗುತ್ತದೆ. ಹಿಂದೆ ಇದು ಹೆಚ್ಚಾಗಿ ಮದ್ಯಕ್ಕೂ ರಾಸಾಯನಿಕಗಳಿಗೂ ಹೋಗುತ್ತಿತ್ತು. 2018ರ ಜೈವಿಕ ಇಂಧನ ನೀತಿಯ ನಂತರ ಪೆಟ್ರೋಲಿಗೆ ಬೆರೆಸುವ ಎಥೆನಾಲಿಗೆ ಬೇಡಿಕೆ ಏರಿ, 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಅದರ ಪಾಲು ನೂರಕ್ಕೆ 20 ಆಯಿತು. ಸಕ್ಕರೆ ಸೀಮೆಯಲ್ಲಿ ಡಿಸ್ಟಿಲರಿಗಳು ಬೆಳೆದದ್ದು ಹೀಗೆ.

ಭಟ್ಟಿ ಇಳಿಸಿದ ಮೇಲೆ ಉಳಿಯುವ ನೀರಿಗೆ ಸ್ಪೆಂಟ್‌ವಾಷ್ ಎನ್ನುತ್ತಾರೆ. ಒಂದು ಲೀಟರ್ ಮದ್ಯಸಾರಕ್ಕೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್‌ವಾಷ್ ಹುಟ್ಟುತ್ತದೆ. ಹಾಗೇ ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ, ಬಾವಿ ಕೆಡುತ್ತದೆ. ಆದ್ದರಿಂದ ಅದನ್ನು ಗಾಳಿಯಾಡದ ದೊಡ್ಡ ಟ್ಯಾಂಕಿಗಳಲ್ಲಿ ಸೂಕ್ಷ್ಮಜೀವಿಗಳಿಗೆ ಒಪ್ಪಿಸುವುದು ಒಂದು ಕ್ರಮ. ಅವು ನೀರಿನಲ್ಲಿರುವ ಕೊಳೆಯನ್ನು ತಿಂದು ಅನಿಲ ಬಿಡುತ್ತವೆ.

ಇದು ಹಳ್ಳಿಗರಿಗೆ ಹೊಸ ವಿದ್ಯೆಯಲ್ಲ. ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಸಗಣಿ ನೀರಿನಿಂದ ಆಗುವುದೂ ಇದೇ. ಎರಡರಲ್ಲೂ ಬರುವ ಅನಿಲದಲ್ಲಿ ಹೆಚ್ಚಿನ ಪಾಲು ಮೀಥೇನ್, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈ ಆಕ್ಸೈಡ್. ಇಟಲಿಯ ವಿಜ್ಞಾನಿ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಮ್ಯಾಗಿಯೋರೆ ಎಂಬ ಸರೋವರದ ಕೆಸರನ್ನು ಕೋಲಿನಿಂದ ಕಲಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಕಿಡಿ ತಗುಲಿಸಿ ನೋಡಿದ್ದು ಇದೇ ಅನಿಲವನ್ನು.

ಆದರೆ ಗೋಬರ್ ಗ್ಯಾಸಿಗೂ ಡಿಸ್ಟಿಲರಿಗೂ ಪ್ರಮಾಣದಲ್ಲಿ ಅಜಗಜಾಂತರ. ಮನೆಯ ಸಣ್ಣ ಗೋಬರ್ ಗ್ಯಾಸ್ ಘಟಕ ದಿನಕ್ಕೆ ಎರಡು ಘನ ಮೀಟರ್ ಅನಿಲ ಕೊಡುತ್ತದೆ. ದಿನಕ್ಕೆ 60 ಸಾವಿರ ಲೀಟರ್ ಮದ್ಯಸಾರ ತಯಾರಿಸುವ ಒಂದು ಡಿಸ್ಟಿಲರಿಯನ್ನು ಊಹಿಸಿಕೊಳ್ಳಿ. ಲೀಟರಿಗೆ ಹತ್ತರಂತೆ ಲೆಕ್ಕ ಹಿಡಿದರೂ ಸ್ಪೆಂಟ್‌ವಾಷ್ 6 ಲಕ್ಷ ಲೀಟರ್ ಆಗುತ್ತದೆ. ಪ್ರತಿ ಸಾವಿರ ಲೀಟರಿಗೆ ಸುಮಾರು 30 ಘನ ಮೀಟರ್ ಅನಿಲ ಎಂದರೆ ದಿನಕ್ಕೆ 18 ಸಾವಿರ ಘನ ಮೀಟರ್. ನಿಮಿಷಕ್ಕೆ ಹನ್ನೆರಡೂವರೆ! ಕೊಳವೆಯಲ್ಲಿ ಹರಿದು ಒಲೆಗೆ, ಬಾಯ್ಲರಿಗೆ ಹೋದರೆ ಅದು ಪುಕ್ಕಟೆ ಸಿಕ್ಕ ಉರುವಲು. ದಾರಿ ತಪ್ಪಿ ಕೋಣೆಯೊಂದರಲ್ಲಿ ಸೇರಿಕೊಂಡರೆ?

ನೂರಕ್ಕೆ ಐದು

ಬೆಂಕಿ ಹೊತ್ತಲು ಮೂರು ಬೇಕು: ಉರಿಯುವ ವಸ್ತು, ಗಾಳಿ, ಕಿಡಿ. ಇಷ್ಟು ಎಲ್ಲರಿಗೂ ಗೊತ್ತು. ಸ್ಫೋಟಕ್ಕೆ ಇನ್ನೂ ಎರಡು ಸೇರಬೇಕು. ವಸ್ತುವೂ ಗಾಳಿಯೂ ಮೊದಲೇ ಚೆನ್ನಾಗಿ ಬೆರೆತಿರಬೇಕು, ಸುತ್ತ ಗೋಡೆಯೋ ಮುಚ್ಚಳವೋ ಇರಬೇಕು. ಒಲೆಯಲ್ಲಿ ಅನಿಲ ಉರಿಯುವಾಗ ಅದು ಹೊರಬಂದಷ್ಟೇ ಗಾಳಿಯೊಡನೆ ಬೆರೆತು ಸಾವಕಾಶ ಉರಿಯುತ್ತದೆ. ಮೊದಲೇ ಬೆರೆತು ನಿಂತಿದ್ದರೆ ಜ್ವಾಲೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಡೀ ಕೋಣೆಯನ್ನು ದಾಟುತ್ತದೆ. ಕಾದ ಅನಿಲ ಹಿಗ್ಗಲು ಜಾಗವಿಲ್ಲದೆ ಗೋಡೆಯನ್ನು ನೂಕುತ್ತದೆ.

ಬೆರಕೆಗೂ ಒಂದು ಹದ ಉಂಟು. ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ಕ್ಕಿಂತ ಕಡಿಮೆ ಇದ್ದರೆ ಹೊತ್ತುವುದಿಲ್ಲ, 15ಕ್ಕಿಂತ ಹೆಚ್ಚಿದ್ದರೂ ಹೊತ್ತುವುದಿಲ್ಲ. ನಡುವಿನದೇ ಅಪಾಯದ ಹದ. ಮದ್ಯಸಾರದ ಆವಿಗೆ ಈ ಹದ ನೂರಕ್ಕೆ ಸುಮಾರು 3ರಿಂದ 19ರವರೆಗೆ. ಅಪ್ಪಟ ಮದ್ಯಸಾರ 13 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅದು ವರ್ಷವಿಡೀ ಸಿದ್ಧವೇ.

ಐದು ಮೀಟರ್ ಉದ್ದ, ಐದು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಕೋಣೆಯೆಂದರೆ ನೂರು ಘನ ಮೀಟರ್. ಅದರಲ್ಲಿ ಐದು ಘನ ಮೀಟರ್ ಮೀಥೇನ್ ಬೆರೆತರೆ ಹದ ಸಿದ್ಧವಾಯಿತು. ಹಿತ್ತಲಿನ ಗೋಬರ್ ಗ್ಯಾಸ್ ಘಟಕಕ್ಕೆ ಅಷ್ಟು ಮೀಥೇನ್ ಕೊಡಲು ಸುಮಾರು ನಾಲ್ಕು ದಿನ ಬೇಕು. ಮೇಲೆ ಹೇಳಿದ ಡಿಸ್ಟಿಲರಿಗೆ ಒಂದು ನಿಮಿಷವೂ ಬೇಡ. ಮೀಥೇನ್ ಗಾಳಿಗಿಂತ ಹಗುರ, ಸೋರಿದರೆ ಛಾವಣಿಯಡಿ ಸೇರುತ್ತದೆ. ಆದ್ದರಿಂದ ಅಪಾಯಕ್ಕೆ ಕೋಣೆಯೆಲ್ಲ ತುಂಬಬೇಕೆಂದೂ ಇಲ್ಲ. ಮದ್ಯಸಾರದ ಆವಿ ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಿದು ಚರಂಡಿ, ತಗ್ಗು ಹುಡುಕುತ್ತದೆ. ಒಂದಕ್ಕೆ ಮೇಲೆ ಕಿಂಡಿ ಬೇಕು, ಇನ್ನೊಂದಕ್ಕೆ ಕೆಳಗೆ.

ಮುಚ್ಚಿದ ಪಾತ್ರೆಯಲ್ಲಿ ಇಂಥ ಬೆರಕೆ ಸಿಡಿದರೆ ಒತ್ತಡ ವಾತಾವರಣದ ಒತ್ತಡಕ್ಕಿಂತ ಏಳೆಂಟು ಪಟ್ಟು ಏರಬಲ್ಲದು. ಸಾಮಾನ್ಯ ಇಟ್ಟಿಗೆ ಗೋಡೆ ಬೀಳಲು ಅದರ ಹತ್ತನೆಯ ಒಂದು ಪಾಲೂ ಬೇಕಿಲ್ಲ. ಇಂಥ ಸ್ಫೋಟಗಳಲ್ಲಿ ಕಟ್ಟಡ ಕುಸಿದು ಅದರಡಿ ಸಿಕ್ಕಿ ಸಾಯುವವರೂ ಇರುವುದು ಈ ಕಾರಣಕ್ಕೆ. ಇನ್ನು ಕಿಡಿಯ ಮಾತು. ಮೀಥೇನನ್ನು ಹೊತ್ತಿಸಲು ಬೇಕಾದ ಶಕ್ತಿ ಎಷ್ಟು ಅಲ್ಪವೆಂದರೆ, ಸಿಂಥೆಟಿಕ್ ಬಟ್ಟೆ ತೊಟ್ಟವರು ಬಾಗಿಲ ಹಿಡಿ ಮುಟ್ಟಿದಾಗ ಚುರ್ ಎನ್ನುವ ಸಣ್ಣ ಕಿಡಿಯೂ ಸಾಕು.

ಮೂಗು ಕಾಯುವುದಿಲ್ಲವೇ ಎಂದರೆ, ಇಲ್ಲ. ಅಡುಗೆ ಅನಿಲಕ್ಕೆ ಇರುವ ವಾಸನೆ ಜನರನ್ನು ಎಚ್ಚರಿಸಲೆಂದು ಬೇಕೆಂದೇ ಬೆರೆಸಿದ್ದು. ಮೀಥೇನಿಗೆ ತನ್ನದೇ ವಾಸನೆಯಿಲ್ಲ. ಸ್ಪೆಂಟ್‌ವಾಷ್ ಅನಿಲದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುವುದು ಹೈಡ್ರೋಜನ್ ಸಲ್ಫೈಡಿನಿಂದ. ಅದು ವಿಷ, ಮತ್ತು ಹೆಚ್ಚಾದಾಗ ಮೂಗನ್ನೇ ಮಂಕು ಮಾಡುತ್ತದೆ. ವಾಸನೆ ಹೋಯಿತು ಎಂದು ಸಮಾಧಾನಪಡುವ ಹೊತ್ತೇ ಅಪಾಯದ ಹೊತ್ತಾಗಿರಬಹುದು.

ಡೇವಿಯ ಜಾಳಿಗೆ

ಈ ಲೆಕ್ಕಾಚಾರ ಮನುಷ್ಯ ಕಲಿತದ್ದು ಕಲ್ಲಿದ್ದಲ ಗಣಿಗಳಲ್ಲಿ, ಅದೂ ಹೆಣಗಳ ಬೆಲೆ ಕೊಟ್ಟು. 1812ರ ಮೇ 25ರಂದು ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ ಮೀಥೇನ್ ಸಿಡಿದು 92 ಮಂದಿ ಸತ್ತರು, ಅವರಲ್ಲಿ ಹುಡುಗರೂ ಇದ್ದರು. ಕತ್ತಲಲ್ಲಿ ಕೆಲಸ ಮಾಡಲು ದೀಪ ಬೇಕು, ದೀಪವೇ ಮೃತ್ಯು. ಈ ಇಕ್ಕಟ್ಟನ್ನು ಬಿಡಿಸಲು ಕೇಳಿಕೊಂಡಾಗ ವಿಜ್ಞಾನಿ ಹಂಫ್ರಿ ಡೇವಿ 1815ರಲ್ಲಿ ಗಣಿ ಅನಿಲವನ್ನು ಪರೀಕ್ಷಿಸಿ, ಸಣ್ಣ ಕಣ್ಣಿನ ಲೋಹದ ಜಾಳಿಗೆಯನ್ನು ಜ್ವಾಲೆ ದಾಟಲಾರದು ಎಂದು ಕಂಡುಕೊಂಡ. ಲೋಹ ಶಾಖವನ್ನು ಹೀರಿ ಜ್ವಾಲೆಯನ್ನು ತಣ್ಣಗಾಗಿಸುತ್ತದೆ. ದೀಪದ ಸುತ್ತ ಜಾಳಿಗೆ ಕಟ್ಟಿದ. ಡೇವಿ ದೀಪ ಹುಟ್ಟಿತು.

ಇನ್ನೂರು ವರ್ಷದ ಹಿಂದಿನ ಆ ಉಪಾಯ ಇಂದೂ ಬದುಕಿದೆ. ಮದ್ಯಸಾರದ ಟ್ಯಾಂಕಿಯ ಉಸಿರುಗೊಳವೆಗೆ, ಅನಿಲದ ಕೊಳವೆಗೆ ಕೂಡಿಸುವ ‘ಫ್ಲೇಮ್ ಅರೆಸ್ಟರ್’ ಕೆಲಸ ಮಾಡುವುದು ಅದೇ ತತ್ತ್ವದ ಮೇಲೆ. ಆದರೆ ಡೇವಿ ದೀಪದ ಕಥೆಗೆ ಇನ್ನೊಂದು ಮುಖವಿದೆ. ದೀಪ ಸುರಕ್ಷಿತ ಎಂಬ ಧೈರ್ಯದಿಂದ ಹಿಂದೆ ಮುಚ್ಚಿದ್ದ ಅನಿಲ ತುಂಬಿದ ಸುರಂಗಗಳಿಗೂ ಗಣಿಗಾರರನ್ನು ಇಳಿಸಿದರು. ಜಾಳಿಗೆ ಹರಿದಿದ್ದರೆ, ತುಕ್ಕು ಹಿಡಿದಿದ್ದರೆ ಅನಾಹುತ. ಉಪಕರಣ ಇದ್ದರೆ ಸಾಲದು, ಅದು ಇಂದು ಸರಿಯಾಗಿದೆಯೇ ಎಂದು ಯಾರಾದರೂ ನೋಡಬೇಕು.

ಸಕ್ಕರೆಯೂ ಸಿಡಿಯುತ್ತದೆ

ಕಾಕಂಬಿ, ಸ್ಪೆಂಟ್‌ವಾಷ್ ಹಾಗಿರಲಿ, ಬಿಳಿ ಸಕ್ಕರೆಯಾದರೂ ನಿರಪಾಯವೇ? ಹರಳು ಸಕ್ಕರೆಗೆ ಕಡ್ಡಿ ಗೀರಿದರೆ ಕರಗಿ ಕಪ್ಪಾಗುತ್ತದೆ ಅಷ್ಟೇ. ಅದೇ ಸಕ್ಕರೆ ಹಿಟ್ಟಿನಷ್ಟು ನುಣ್ಣಗಾಗಿ ಗಾಳಿಯಲ್ಲಿ ತೇಲುತ್ತಿದ್ದರೆ ಒಂದೊಂದು ಕಣಕ್ಕೂ ಸುತ್ತೆಲ್ಲ ಗಾಳಿ ಸಿಗುತ್ತದೆ, ಅದು ಅನಿಲದಂತೆಯೇ ಸಿಡಿಯುತ್ತದೆ. 1785ರಲ್ಲಿ ಇಟಲಿಯ ಟ್ಯೂರಿನ್ ನಗರದ ಹಿಟ್ಟಿನ ದಾಸ್ತಾನಿನಲ್ಲಿ ಆದ ಸ್ಫೋಟದ ವರದಿ ಇಂಥವುಗಳಲ್ಲಿ ಅತಿ ಹಳೆಯದು.

2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯ ರಾಜ್ಯದ ಪೋರ್ಟ್ ವೆಂಟ್ವರ್ತ್‌ನಲ್ಲಿದ್ದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ ಸಕ್ಕರೆ ಧೂಳು ಸಿಡಿದು 14 ಮಂದಿ ಸತ್ತರು. ತನಿಖೆಯಲ್ಲಿ ಕಂಡ ಸಂಗತಿ ಮುಧೋಳಕ್ಕೂ ಪಾಠವಾಗಬಲ್ಲದು. ಸಕ್ಕರೆಗೆ ಕಸ ಬೀಳಬಾರದೆಂಬ ಒಳ್ಳೆಯ ಉದ್ದೇಶದಿಂದ ಹಿಂದಿನ ವರ್ಷ ಅಲ್ಲಿ ಸಕ್ಕರೆ ಸಾಗಿಸುವ ಕನ್ವೇಯರಿಗೆ ತಗಡಿನ ಹೊದಿಕೆ ಹಾಕಿದ್ದರು. ಧೂಳು ಹೊರಹೋಗಲು ವ್ಯವಸ್ಥೆ ಇರಲಿಲ್ಲ. ಅದುವರೆಗೆ ವಿಶಾಲ ಕಟ್ಟಡದಲ್ಲಿ ಚದುರಿ ಹೋಗುತ್ತಿದ್ದ ಧೂಳು ಹೊದಿಕೆಯೊಳಗೆ ಸೇರಿ ಹದಕ್ಕೆ ಬಂತು. ಕಾದ ಬೇರಿಂಗೊಂದು ಕಿಡಿಯಾಗಿರಬಹುದು ಎಂದು ತನಿಖೆ ಊಹಿಸಿತು. ಮೊದಲ ಸ್ಫೋಟ ಚಿಕ್ಕದು. ಅದರ ಹೊಡೆತಕ್ಕೆ ತೊಲೆ, ಗೋಡೆ, ನೆಲದ ಮೇಲೆ ಎಷ್ಟೋ ದಿನಗಳಿಂದ ಕೂತಿದ್ದ ಧೂಳು ಎದ್ದು, ಸ್ಫೋಟದ ಮೇಲೆ ಸ್ಫೋಟವಾಗಿ ಕಟ್ಟಡಗಳೇ ನೆಲಸಮವಾದವು. ಕಸ ಗುಡಿಸುವ ಪೊರಕೆಯೂ ಸುರಕ್ಷೆಯ ಉಪಕರಣ ಎಂಬುದು ಅಲ್ಲಿನ ಕಹಿ ಪಾಠ.

ಬರಿದಾದ ಟ್ಯಾಂಕಿ

ರಾಸಾಯನಿಕ ಕಾರ್ಖಾನೆಗಳ ಅಪಘಾತಗಳಲ್ಲಿ ಮತ್ತೆ ಮತ್ತೆ ಕಾಣುವ ಇನ್ನೊಂದು ಸಂಗತಿಯುಂಟು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕಿ ಹೆಚ್ಚು ಅಪಾಯಕಾರಿ ಆಗಬಲ್ಲದು. ಅಂಚಿನವರೆಗೆ ಅನಿಲವೋ ದ್ರವವೋ ತುಂಬಿರುವಾಗ ಒಳಗೆ ಗಾಳಿಗೆ ಜಾಗವಿಲ್ಲ. ರಿಪೇರಿಗೆಂದು ಖಾಲಿ ಮಾಡಿ ಮುಚ್ಚಳ ತೆಗೆದಾಗಲೇ ಗಾಳಿ ಒಳಹೊಕ್ಕು, ಅಳಿದುಳಿದ ಆವಿಯೊಡನೆ ಬೆರೆಯುತ್ತದೆ. ತಳದಲ್ಲಿ ಉಳಿದ ರಾಡಿ ಮತ್ತೆ ಅನಿಲ ಬಿಡುತ್ತಲೇ ಇರುತ್ತದೆ. ಅದೇ ಹೊತ್ತಿಗೆ ವೆಲ್ಡಿಂಗ್ ಯಂತ್ರ ಬರುತ್ತದೆ.

ಇದನ್ನು ಕಾನೂನು ಮಾಡಿದವರು ಬಲ್ಲರು. 1948ರ ಕಾರ್ಖಾನೆ ಕಾಯ್ದೆಯ 37ನೆಯ ಕಲಮು, ಸ್ಫೋಟಕ ವಸ್ತು ಇದ್ದ ಟ್ಯಾಂಕಿಗೆ ಆ ವಸ್ತುವನ್ನೂ ಆವಿಯನ್ನೂ ತೆಗೆಯದೆ ವೆಲ್ಡಿಂಗ್ ಮಾಡಬಾರದು ಎಂದು ಕಟ್ಟುನಿಟ್ಟಾಗಿ ಹೇಳಿತ್ತು. 1984ರ ಡಿಸೆಂಬರಿನ ಭೋಪಾಲ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ, ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳ ಕಾರ್ಮಿಕರಿಗೆ ಒಂದು ಹಕ್ಕು ಸೇರಿತು. ಅಪಾಯ ಸನ್ನಿಹಿತವಾಗಿದೆ ಎಂಬ ಶಂಕೆ ಬಂದರೆ ಅವರು ಆಡಳಿತದ ಜೊತೆಗೆ ನೇರವಾಗಿ ಇನ್‌ಸ್ಪೆಕ್ಟರರ ಗಮನಕ್ಕೂ ತರಬಹುದು. 2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಜಾರಿಗೆ ಬಂದಿದೆ. ಹೆಸರು ಬದಲಾದರೂ ಮೀಥೇನಿನ ಗುಣ ಬದಲಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಅದರಲ್ಲಿ ಗುಟ್ಟೇನೂ ಇಲ್ಲ. ಅನಿಲ ಸೋರದಂತೆ ಮುಚ್ಚಳ, ಕೊಳವೆ, ನೀರಿನ ಸೀಲುಗಳನ್ನು ನೋಡಿಕೊಳ್ಳುವುದು ಮೊದಲನೆಯದು. ಬಳಸಲಾಗದೆ ಹೆಚ್ಚಾದ ಅನಿಲವನ್ನು ದೂರದ ಎತ್ತರದ ಕೊಳವೆಯ ತುದಿಯಲ್ಲಿ ಉರಿಸಿಬಿಡುವುದು ಎರಡನೆಯದು. ಸೋರಿದರೂ ನಿಲ್ಲದಂತೆ ಛಾವಣಿಯಲ್ಲಿ ಕಿಂಡಿ, ಗಾಳಿಯಾಟ ಬೇಕು. ಅಪಾಯದ ಹದ ತಲಪುವ ಎಷ್ಟೋ ಮೊದಲೇ ಕೂಗುವ ಅನಿಲ ಮಾಪಕ ಬೇಕು. ಅಲ್ಲಿನ ಮೋಟಾರು, ಸ್ವಿಚ್ಚು, ದೀಪ ಒಳಗಿನ ಕಿಡಿ ಹೊರಬರದಂಥವು ಇರಬೇಕು. ವೆಲ್ಡಿಂಗಿಗೆ ಮೊದಲು ಲಿಖಿತ ಅನುಮತಿ ಪತ್ರ ಬೇಕು. ಅನಿಲವನ್ನು ಕೆಲಸಕ್ಕೆ ಮುಂಚೆ ಒಮ್ಮೆ ಅಳೆದರೆ ಸಾಲದು, ಕೆಲಸ ನಡೆಯುವಾಗಲೂ ಅಳೆಯುತ್ತಿರಬೇಕು. ಕೊನೆಯದಾಗಿ, ಇಷ್ಟೆಲ್ಲ ಮಾಡಿಯೂ ತಪ್ಪಬಹುದು ಎಂದುಕೊಂಡು, ಜನ ಕೂರುವ, ಉಣ್ಣುವ, ವಿಶ್ರಮಿಸುವ ಕೋಣೆಗಳನ್ನು ಆ ಟ್ಯಾಂಕಿಗಳಿಂದ ದೂರ ಇಡಬೇಕು.

ಇವಕ್ಕೆಲ್ಲ ಖರ್ಚುಂಟು. ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದಕ್ಕೆ ಖರ್ಚಿಲ್ಲ. ಆ ಟ್ಯಾಂಕಿಯ ಬಳಿ ಕೆಲಸ ಮಾಡುವ ಮನುಷ್ಯನಿಗೆ, ಅವನು ಕಾಯಂ ನೌಕರನಿರಲಿ, ಗುತ್ತಿಗೆಯವನಿರಲಿ, ಇದು ಕೊಳಚೆ ನೀರಿನ ಟ್ಯಾಂಕಿ ಅಲ್ಲ, ಇಂಧನದ ಟ್ಯಾಂಕಿ ಎಂದು ಅವನ ಭಾಷೆಯಲ್ಲಿ ಹೇಳುವುದು. ಪೆಟ್ರೋಲ್ ಬಂಕಿನಲ್ಲಿ ಬೀಡಿ ಹಚ್ಚಬಾರದೆಂದು ಯಾರಿಗೂ ಪಾಠ ಮಾಡಬೇಕಿಲ್ಲ, ಅದು ಪೆಟ್ರೋಲ್ ಎಂದು ಗೊತ್ತಿರುವುದರಿಂದ. ‘ತ್ಯಾಜ್ಯ ನೀರು’ ಎಂಬ ಹೆಸರು ಯಾರಲ್ಲೂ ಆ ಎಚ್ಚರ ಹುಟ್ಟಿಸುವುದಿಲ್ಲ.

ಹಂಗಾಮು ಪ್ರತಿ ವರ್ಷ ಬರುತ್ತದೆ. ಕಬ್ಬು ಅರೆಯುತ್ತದೆ, ಕಾಕಂಬಿ ಹರಿಯುತ್ತದೆ, ಟ್ಯಾಂಕಿಗಳು ತುಂಬುತ್ತವೆ. ರನ್ನ ಬೆಳಗಲಿಯ ಸುತ್ತಮುತ್ತಲಿನ ಮನೆಗಳಿಂದ ಬುತ್ತಿ ಕಟ್ಟಿಕೊಂಡು ಪಾಳಿಗೆ ಹೋಗುವವರು ಹೊರಡುತ್ತಾರೆ. ಮುಂದೆ ಎಲ್ಲಾದರೂ ಇಂಥ ಸುದ್ದಿ ಕೇಳಿ ‘ಬಾಯ್ಲರ್ ಸಿಡದೈತಂತ’ ಎಂದು ಯಾರಾದರೂ ಹೇಳಿದರೆ, ಸಿಡಿದದ್ದು ಏನು, ಅದರೊಳಗೆ ಇದ್ದದ್ದು ಏನು, ಆ ಹೊತ್ತು ಅನಿಲವನ್ನು ಅಳೆದವರು ಯಾರು ಎಂದು ಕೇಳುವುದು ಒಳ್ಳೆಯದು. ಸುದ್ದಿ ಬರುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.